ಭತ್ತದ ಬುಡದಲ್ಲಿ ಕಂದು ಜಿಗಿಹುಳು



ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದ. ಚೀಲದ ಬಾಯಿ ಬಿಗಿಯಾಗಿ ಕಟ್ಟಿತ್ತು. ಒಳಗೆ ಬೇರುಸಮೇತ ಕಿತ್ತ ನಾಲ್ಕೈದು ಭತ್ತದ ಪೈರು. ಎಲೆಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು.

"ಸಾರ್, ನಮ್ಮ ಗದ್ದೆಯಲ್ಲಿ ಅಲ್ಲಲ್ಲಿ ಹಿಂಗೆ ದುಂಡಗೆ ಒಣಗ್ತಾ ಇದೆ. ಗೊಬ್ಬರ ಸಾಲದು ಅಂತ ಅಪ್ಪ ಯೂರಿಯಾ ಹಾಕಿದ್ರು. ಆದ್ರೂ ಜಾಸ್ತೀನೇ ಆಗ್ತಿದೆ. ಏನು ಸಾರ್ ಇದು?" ಅಂತ ಕೇಳಿದ.

ಪ್ರಯೋಗಾಲಯದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಪೈರಿನ ಬುಡವನ್ನು ಅದರ ಮೇಲೆ ಮೆಲ್ಲಗೆ ತಟ್ಟಿದೆವು. ಅಕ್ಕಿ ಕಾಳಿಗಿಂತ ಚಿಕ್ಕದಾದ ಕಂದು ಬಣ್ಣದ ಹುಳುಗಳು ಹತ್ತಾರು ಉದುರಿದವು. ಬೆರಳು ಹತ್ತಿರ ತಂದರೆ ಸಾಕು, ಟಪ್ ಅಂತ ನೆಗೆಯುತ್ತಿದ್ದವು. ಅದೇ ಕಂದು ಜಿಗಿಹುಳು. ಅವರಪ್ಪ ಹಾಕಿದ ಯೂರಿಯಾ ಪೈರಿಗಿಂತ ಹೆಚ್ಚಾಗಿ ಈ ಹುಳಕ್ಕೇ ಊಟವಾಗಿತ್ತು!

ಗೊಬ್ಬರ ಹಾಕಿದರೆ ಹುಳ ಹೇಗೆ ಹೆಚ್ಚುತ್ತದೆ? ಔಷಧಿ ಹೊಡೆದರೂ ಕೆಲವೊಮ್ಮೆ ಇದು ಇನ್ನೂ ಜಾಸ್ತಿ ಆಗುತ್ತದಲ್ಲ, ಅದು ಯಾಕೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ಆ ಹುಳ ಎಲ್ಲಿ ಕೂರುತ್ತದೆ, ಅದರ ದೇಹ ಹೇಗಿದೆ, ಅದನ್ನು ಬೇರೆ ಹುಳಗಳಿಂದ ಹೇಗೆ ಬೇರ್ಪಡಿಸಿ ಗುರುತಿಸಬೇಕು ಅನ್ನೋದು ಗೊತ್ತಾಗಬೇಕು.

ಮೂರು ಭಾಷೆ, ಮೂರು ಹೆಸರು

ಮತ್ತಿಗಿರಿ, ಹೊಸೂರು ಕಡೆಯ ನಮಗೆ ಒಂದು ಅನುಕೂಲ ಇದೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು. ಈ ಹುಳಕ್ಕೆ ಮೂರು ಭಾಷೆಯಲ್ಲೂ ಬೇರೆ ಬೇರೆ ಹೆಸರಿದೆ, ಒಂದೊಂದು ಹೆಸರೂ ಒಂದೊಂದು ಗುರುತನ್ನು ಹೇಳುತ್ತದೆ.

ಕನ್ನಡದಲ್ಲಿ ಕಂದು ಜಿಗಿಹುಳು. ಅದರ ಬಣ್ಣ ಮತ್ತು ನಡವಳಿಕೆ ಎರಡೂ ಹೆಸರಿನಲ್ಲೇ ಇವೆ.

ತಮಿಳಿನಲ್ಲಿ 'ಪುಗೈಯಾನ್' ಅನ್ನುತ್ತಾರೆ. 'ಪುಗೈ' ಅಂದರೆ ನಮ್ಮ 'ಹೊಗೆ'. ಹಳಗನ್ನಡದಲ್ಲಿ ನಾವೂ 'ಪೊಗೆ' ಅಂತಲೇ ಹೇಳುತ್ತಿದ್ದೆವು, ಆಮೇಲೆ 'ಪ' ಹೋಗಿ 'ಹ' ಬಂತು. ಹುಳ ಬಿದ್ದ ಗದ್ದೆ ಹೊಗೆ ಬಡಿದಂತೆ, ಸುಟ್ಟಂತೆ ಕಾಣುತ್ತದೆ.

ತೆಲುಗಿನಲ್ಲಿ 'ಸುಡಿ ದೋಮ'. 'ಸುಡಿ' ಅಂದರೆ ಸುಳಿ, 'ದೋಮ' ಅಂದರೆ ಸೊಳ್ಳೆ. ನೀರಿನ ಸುಳಿಯ ಹಾಗೆ ಪೈರು ದುಂಡಗೆ ಒಣಗುತ್ತಾ ಹೋಗುತ್ತದೆ. ಸೊಳ್ಳೆಯಂತೆ ಸೂಜಿಬಾಯಿ ಚುಚ್ಚಿ ಹೀರುತ್ತದೆ.

ಮೂರನ್ನೂ ಸೇರಿಸಿದರೆ: ಕಂದು ಬಣ್ಣ, ಜಿಗಿತ, ಸುಟ್ಟಂತಹ ಪೈರು, ದುಂಡನೆಯ ಕಲೆ, ಹೀರುವ ಬಾಯಿ. ಪಾಠದ ಅರ್ಧ ಇಲ್ಲೇ ಮುಗಿಯಿತು ನೋಡಿ!

ವಿಜ್ಞಾನದ ಹೆಸರು ನಿಲಪರ್ವತ ಲುಜೆನ್ಸ್. ಮೊದಲ ಭಾಗ ಕಿವಿಗೆ ನಮ್ಮ 'ನೀಲ ಪರ್ವತ'ದಂತೆಯೇ ಕೇಳುತ್ತದೆ. 'ಲುಜೆನ್ಸ್' ಅನ್ನುವುದು ಲ್ಯಾಟಿನ್ ಪದ, ದುಃಖಿಸುವ ಎಂದು ಅರ್ಥ. ಈ ಕೀಟವನ್ನು 1854ರಲ್ಲಿ ಸ್ವೀಡನ್ ದೇಶದ ಕಾರ್ಲ್ ಸ್ಟೋಲ್ ಎಂಬ ಕೀಟತಜ್ಞ ಮೊದಲು ವಿವರಿಸಿದರು. ತಿಗಣೆ, ಗಿಡಹೇನು, ಜೀರುಂಡೆ ಅಂತ ಕೆಲವರು ಕರೆಯುವ ಮರದಲ್ಲಿ ಕಿರುಚುವ ಸಿಕಾಡ, ಇವೆಲ್ಲ ಸೇರುವ ಹೆಮಿಪ್ಟೆರಾ ಗಣಕ್ಕೇ ಇದೂ ಸೇರಿದ್ದು. ಕುಟುಂಬ ಡೆಲ್ಫಾಸಿಡೆ.

ಎಲ್ಲಿ ವಾಸ?

ಗದ್ದೆ ಬದುವಿನ ಮೇಲೆ ನಿಂತು ನೋಡಿದರೆ ಈ ಹುಳ ನಿಮಗೆ ಕಾಣುವುದಿಲ್ಲ. ಎಲ್ಲರೂ ತಪ್ಪುವುದು ಇಲ್ಲೇ. ನಾವು ಎಲೆ ನೋಡುತ್ತೇವೆ, ಹುಳ ಬುಡದಲ್ಲಿರುತ್ತದೆ. ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ತೆಂಡೆಗಳು ಒತ್ತಾಗಿ ಸೇರಿದ ಜಾಗದಲ್ಲಿ, ತಲೆ ಮೇಲೆ ಮಾಡಿಕೊಂಡು ಸಾಲಾಗಿ ಕೂತಿರುತ್ತದೆ. ಅಲ್ಲಿ ನೆರಳು, ತೇವ ಎರಡೂ ಇರುತ್ತವೆ, ಗಾಳಿ ಆಡುವುದಿಲ್ಲ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಬಹಳ ಹಿತ.

ಇದರ ಆಹಾರ ಭತ್ತ ಮಾತ್ರ ಅಂದರೂ ತಪ್ಪಿಲ್ಲ. ಭತ್ತ ಮತ್ತು ಕಾಡುಭತ್ತದ ಮೇಲೆ ಬಿಟ್ಟರೆ ಬೇರೆ ಬೆಳೆಯ ಮೇಲೆ ಇದರ ಸಂತಾನ ಬೆಳೆಯುವುದಿಲ್ಲ. ಆದ್ದರಿಂದ ನಮ್ಮ ಕಡೆಯ ರಾಗಿ ಹೊಲಕ್ಕೆ ಇದರ ಭಯ ಇಲ್ಲ. ಆದರೆ ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆಲವರಪಳ್ಳಿ ಅಣೆಕಟ್ಟೆ, ಕೃಷ್ಣಗಿರಿ ಅಣೆಕಟ್ಟೆಗಳ ನೀರು ಹರಿಯುವ ಕಡೆ, ಕೆರೆಯ ಹಿಂದಿನ ಗದ್ದೆಗಳಲ್ಲಿ ಭತ್ತ ಹಾಕುವವರು ಎಚ್ಚರವಾಗಿರಬೇಕು. ಕರ್ನಾಟಕದಲ್ಲಿ ತುಂಗಭದ್ರಾ ನೀರಾವರಿಯ ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಈ ಹುಳದ ಕಾಟ ಚೆನ್ನಾಗಿ ಗೊತ್ತು. ಕೇರಳದ ಕುಟ್ಟನಾಡಿನಲ್ಲಿ 1973-74ರಲ್ಲಿ ಇದು ಭಾರಿ ಹಾನಿ ಮಾಡಿತ್ತು.

ದೇಹದ ರಚನೆ

ರೆಕ್ಕೆಯೂ ಸೇರಿ ಪ್ರೌಢ ಹುಳದ ಉದ್ದ ಸುಮಾರು 4 ರಿಂದ 5 ಮಿಲಿಮೀಟರ್. ನಿಮ್ಮ ಸ್ಕೇಲಿನಲ್ಲಿ ಅರ್ಧ ಸೆಂಟಿಮೀಟರಿಗೂ ಕಡಿಮೆ. ಎಲ್ಲ ಕೀಟಗಳಂತೆ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗ, ಆರು ಕಾಲು. ಆದರೆ ಮೂರು ಅಂಗಗಳನ್ನು ವಿಶೇಷವಾಗಿ ನೋಡಬೇಕು.

ಮೊದಲನೆಯದು ಮೀಸೆ, ಅಂದರೆ ಸ್ಪರ್ಶಾಂಗ. ಜಿಗಿಹುಳುವಿನ ಮೀಸೆ ಕಣ್ಣಿನ ಕೆಳಗಿನಿಂದ ಹೊರಡುತ್ತದೆ. ಅದರ ಎರಡನೇ ಗೆಣ್ಣು ದಪ್ಪ, ತುದಿ ಮಾತ್ರ ಕೂದಲಿನಂತೆ ಸಣ್ಣ.

ಎರಡನೆಯದು ಬಾಯಿ. ತಲೆಯ ಕೆಳಗಿನಿಂದ ಹೊರಟ ಕೊಳವೆಯೊಂದು ಮುಂಗಾಲುಗಳ ನಡುವೆ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಇದು ಬರೀ ಹೊರಗಿನ ಒರೆ. ಒಳಗೆ ಕೂದಲಿಗಿಂತ ಸಪೂರವಾದ ನಾಲ್ಕು ಸೂಜಿಗಳಿವೆ. ಒಳಗಿನ ಎರಡು ಸೂಜಿಗಳು ಒಂದಕ್ಕೊಂದು ಅಂಟಿಕೊಂಡಾಗ ಅವುಗಳ ನಡುವೆ ಎರಡು ನಾಳಗಳಾಗುತ್ತವೆ. ಒಂದರಲ್ಲಿ ಜೊಲ್ಲು ಗಿಡದೊಳಗೆ ಹೋಗುತ್ತದೆ, ಇನ್ನೊಂದರಲ್ಲಿ ರಸ ಹುಳದೊಳಗೆ ಬರುತ್ತದೆ.

ಮೂರನೆಯದು ಹಿಂಗಾಲು. ಹಿಂಗಾಲಿನ ಮೊಣಕಾಲಿನಿಂದ ಕೆಳಗಿನ ಭಾಗ ಮುಗಿಯುವಲ್ಲಿ ಒಂದು ದೊಡ್ಡ ಮುಳ್ಳಿದೆ. ಹುಂಜದ ಕಾಲಿನ ಮುಳ್ಳು ನೆನಪಿಸಿಕೊಳ್ಳಿ. ಆದರೆ ಹುಂಜದ ಮುಳ್ಳು ಅಲುಗಾಡುವುದಿಲ್ಲ, ಇದರದ್ದು ಕೀಲಿನ ಮೇಲೆ ಅಲುಗಾಡುತ್ತದೆ. ಡೆಲ್ಫಾಸಿಡೆ ಕುಟುಂಬದ ಪಕ್ಕಾ ಗುರುತು ಇದೇ. ಲೆನ್ಸಿನಲ್ಲಿ ಈ ಮುಳ್ಳು ಕಂಡರೆ ಕುಟುಂಬದ ವಿಷಯದಲ್ಲಿ ಅನುಮಾನವೇ ಬೇಡ.

ಜಿಗಿತದ ವಿಷಯಕ್ಕೆ ಬಂದಾಗ ಇನ್ನೊಂದು ಸಂಗತಿ. ಯುರೋಪಿನಲ್ಲಿ ಇಸ್ಸಸ್ ಎಂಬ ಇದರ ದೂರದ ಬಂಧು ಇದೆ. ಅದರ ಮರಿಗಳ ಹಿಂಗಾಲುಗಳ ಬುಡದಲ್ಲಿ ಸೈಕಲ್ಲಿನ ಹಲ್ಲುಚಕ್ರದಂತಹ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದನ್ನು 2013ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮಾಲ್ಕಮ್ ಬರೋಸ್ ಮತ್ತು ಗ್ರೆಗರಿ ಸಟನ್ ತೋರಿಸಿದರು. ಎರಡು ಕಾಲೂ ಒಂದೇ ಕ್ಷಣಕ್ಕೆ ಒದೆಯದಿದ್ದರೆ ಹುಳ ಪಕ್ಕಕ್ಕೆ ತಿರುಗಿ ಬೀಳುತ್ತದೆ. ಹಾಗಾಗದಂತೆ ಈ ಹಲ್ಲುಗಳು ಎರಡೂ ಕಾಲನ್ನು ಒಟ್ಟಿಗೆ ಬಿಡುತ್ತವೆ. ಮನುಷ್ಯ ಗಿಯರ್ ಮಾಡುವುದಕ್ಕೆ ಎಷ್ಟೋ ಮುಂಚೆ ಹುಳದ ಕಾಲಿನಲ್ಲಿ ಗಿಯರ್ ಇತ್ತು!

ರಸ ಹೀರುವ ಬಗೆ

ಗಿಡದಲ್ಲಿ ನೀರು ಸಾಗಿಸುವುದು ಕ್ಸೈಲಂ, ಎಲೆಯಲ್ಲಿ ತಯಾರಾದ ಆಹಾರ ಸಾಗಿಸುವುದು ಫ್ಲೋಯಂ ಅಂತ ನೀವು ಓದಿದ್ದೀರಿ. ಜಿಗಿಹುಳು ಹುಡುಕುವುದು ಮುಖ್ಯವಾಗಿ ಫ್ಲೋಯಂ ಅನ್ನು. ಸೂಜಿ ಇಳಿಸುವಾಗ ಜೊಲ್ಲು ಬಿಡುತ್ತದೆ. ಆ ಜೊಲ್ಲು ಗಟ್ಟಿಯಾಗಿ ಸೂಜಿಯ ಸುತ್ತ ಒಂದು ಕೊಳವೆಯಾಗುತ್ತದೆ. ಹುಳ ಹೋದ ಮೇಲೂ ಆ ಕೊಳವೆ ಗಿಡದೊಳಗೆ ಉಳಿಯುತ್ತದೆ.

ಫ್ಲೋಯಂ ರಸದಲ್ಲಿ ಸಕ್ಕರೆ ಹೇರಳ, ಆದರೆ ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಕಡಿಮೆ. ಬರೀ ಪಾನಕ ಕುಡಿದು ಬದುಕಿದಂತೆ! ಈ ಕೊರತೆಯನ್ನು ಹುಳ ಎರಡು ದಾರಿಯಲ್ಲಿ ತುಂಬಿಕೊಳ್ಳುತ್ತದೆ. ಒಂದು, ಅದರ ದೇಹದ ಕೊಬ್ಬಿನಲ್ಲಿ ಯೀಸ್ಟಿನಂತಹ ಸೂಕ್ಷ್ಮಜೀವಿಗಳು ವಾಸ ಮಾಡಿಕೊಂಡು ಬೇಕಾದ ಪೋಷಕಾಂಶ ತಯಾರಿಸಿ ಕೊಡುತ್ತವೆ. ತಾಯಿಯ ಮೊಟ್ಟೆಯ ಮೂಲಕವೇ ಅವು ಮರಿಗೂ ದಾಟುತ್ತವೆ. ಇನ್ನೊಂದು, ಹುಳ ಬಹಳ ರಸ ಹೀರಿ, ಬೇಡವಾದ ಸಕ್ಕರೆ ನೀರನ್ನು ಹಿಂದಿನಿಂದ ಹೊರಹಾಕುತ್ತದೆ. ಅದಕ್ಕೇ ಹುಳ ಬಿದ್ದ ಪೈರಿನ ಬುಡ ಅಂಟಂಟಾಗಿರುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಇರುವೆ ಬರುತ್ತದೆ.

ಈಗ ಯೂರಿಯಾದ ಗುಟ್ಟು ಗೊತ್ತಾಯಿತಾ? ಯೂರಿಯಾ ಅಂದರೆ ಸಾರಜನಕ. ಅಮೈನೋ ಆಮ್ಲಕ್ಕೆ ಬೇಕಾದದ್ದೂ ಸಾರಜನಕವೇ. ಮಿತಿ ಮೀರಿ ಯೂರಿಯಾ ಹಾಕಿದರೆ ಗಿಡದ ರಸದಲ್ಲಿ ಅಮೈನೋ ಆಮ್ಲ ಹೆಚ್ಚುತ್ತದೆ. ಪಾನಕ ಕುಡಿಯುತ್ತಿದ್ದ ಹುಳಕ್ಕೆ ಬೇಳೆಸಾರು ಸಿಕ್ಕಿದಂತಾಗುತ್ತದೆ. ಹೆಚ್ಚು ಮರಿ ಬದುಕುತ್ತವೆ, ಹೆಚ್ಚು ಮೊಟ್ಟೆ ಬೀಳುತ್ತವೆ. ಪೈರೂ ದಟ್ಟವಾಗಿ ಬೆಳೆದು ಬುಡಕ್ಕೆ ಇನ್ನಷ್ಟು ನೆರಳು ಕೊಡುತ್ತದೆ.

ಇದು ರೋಗವನ್ನೂ ಹರಡುತ್ತದೆ. ಭತ್ತದ ಪೈರನ್ನು ಗಿಡ್ಡವಾಗಿಸುವ ಎರಡು ವೈರಸ್‌ಗಳನ್ನು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಒಯ್ಯುವುದು ಇದೇ ಹುಳ.

ಜೀವನ ಚಕ್ರ ಮತ್ತು ಎರಡು ಬಗೆಯ ರೆಕ್ಕೆ

ಹೆಣ್ಣು ಹುಳ ಎಲೆಯ ಕವಚವನ್ನು ಸೀಳಿ ಅದರೊಳಗೆ ಬಾಳೆಹಣ್ಣಿನ ಆಕಾರದ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಮೊಟ್ಟೆ ಒಡೆಯಲು ಒಂದು ವಾರದ ಮೇಲೆ ಬೇಕು. ಹೊರಬಂದ ಮರಿಗೆ ಕೀಟಶಾಸ್ತ್ರದಲ್ಲಿ 'ಅಪ್ಸರೆ' ಅಂತ ಹೆಸರು. ನಗಬೇಡಿ, ಹೆಸರು ನಿಜವಾಗಿಯೂ ಅದೇ. ಮೊದಲು ಬೆಳ್ಳಗಿದ್ದು ಆಮೇಲೆ ಕಂದಾಗುತ್ತದೆ. ಐದು ಸಲ ಪೊರೆ ಕಳಚಿ, ಸುಮಾರು ಎರಡು ವಾರದಲ್ಲಿ ಪ್ರೌಢವಾಗುತ್ತದೆ. ಚಿಟ್ಟೆಯಂತೆ ಕೋಶದ ಹಂತ ಇಲ್ಲ. ಆದ್ದರಿಂದ ಇದು ಅಪೂರ್ಣ ರೂಪಪರಿವರ್ತನೆ.

ಒಂದು ಲೆಕ್ಕ ಮಾಡೋಣ. ಒಂದು ಹೆಣ್ಣು 200 ಮೊಟ್ಟೆ ಇಟ್ಟಿತು, ಎಲ್ಲವೂ ಬದುಕಿದವು, ಅರ್ಧ ಹೆಣ್ಣು ಅಂತ ಇಟ್ಟುಕೊಳ್ಳಿ. ಒಂದು ತಲೆಮಾರಿಗೆ 100 ಹೆಣ್ಣು. ಅವುಗಳ ಮೊಟ್ಟೆ 20,000. ತಲೆಮಾರಿಗೆ ಸುಮಾರು ಒಂದು ತಿಂಗಳು ಸಾಕು. ಪುಣ್ಯಕ್ಕೆ ಗದ್ದೆಯಲ್ಲಿ ಎಲ್ಲವೂ ಬದುಕುವುದಿಲ್ಲ. ಯಾಕೆ ಅನ್ನೋದನ್ನ ಮುಂದೆ ನೋಡೋಣ.

ಪ್ರೌಢ ಹುಳಗಳಲ್ಲಿ ಎರಡು ಬಗೆ. ಉದ್ದ ರೆಕ್ಕೆಯವು ಹಾರಿ ಹೊಸ ಗದ್ದೆಗೆ ಬರುತ್ತವೆ. ಗಿಡ್ಡ ರೆಕ್ಕೆಯವಕ್ಕೆ ಹಾರಲು ಆಗುವುದಿಲ್ಲ, ಕೂತಲ್ಲೇ ಹೆಚ್ಚು ಮೊಟ್ಟೆ ಇಡುತ್ತವೆ. ಪೈರು ಎಳೆಯದಾಗಿ ರಸವತ್ತಾಗಿದ್ದರೆ ಗಿಡ್ಡ ರೆಕ್ಕೆಯವು ಹೆಚ್ಚು. ಪೈರು ಬಲಿತು, ಹುಳಗಳ ನೂಕುನುಗ್ಗಲು ಹೆಚ್ಚಾದರೆ ಉದ್ದ ರೆಕ್ಕೆಯವು ಹುಟ್ಟಿ ಜಾಗ ಬಿಡುತ್ತವೆ. ಈ ಬದಲಾವಣೆಯ ಹಿಂದೆ ಇನ್ಸುಲಿನ್ ಸಂದೇಶ ಪಡೆಯುವ ಎರಡು ಗ್ರಾಹಕಗಳ ಕೈವಾಡ ಇದೆ ಎಂದು ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ನಮ್ಮ ದೇಹದಲ್ಲಿ ಸಕ್ಕರೆ ನೋಡಿಕೊಳ್ಳುವ ಇನ್ಸುಲಿನ್ನಿನ ಬಂಧುವೇ ಅಲ್ಲಿ ರೆಕ್ಕೆಯ ಉದ್ದ ನಿರ್ಧರಿಸುತ್ತದೆ.

ದುಂಡಗೆ ಒಣಗುವುದು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಗಿಡ್ಡ ರೆಕ್ಕೆಯ ತಾಯಂದಿರು ಒಂದು ಕಡೆ ಮೊಟ್ಟೆ ಇಟ್ಟರೆ ಮರಿಗಳು ಅಕ್ಕಪಕ್ಕದ ಬುಡಕ್ಕೆ ಮಾತ್ರ ಹರಡುತ್ತವೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಆಗುವ ಆಕಾರ ವೃತ್ತ ತಾನೇ?

ಗುರುತಿಸುವುದು ಹೇಗೆ?

ಗದ್ದೆಯಲ್ಲಿ ಜಿಗಿಯುವುದೆಲ್ಲ ಕಂದು ಜಿಗಿಹುಳು ಅಲ್ಲ. ಮುಖ್ಯವಾಗಿ ಮೂರನ್ನು ಬೇರ್ಪಡಿಸಬೇಕು.

ಹಸಿರು ಜಿಗಿಹುಳು: ಮೈ ಹಸಿರು, ಗಂಡಿನ ರೆಕ್ಕೆಯ ತುದಿ ಕಪ್ಪು. ಸಾಮಾನ್ಯವಾಗಿ ಮೇಲಿನ ಎಲೆಗಳಲ್ಲಿ ಕೂರುತ್ತದೆ. ಮೀಸೆ ಎರಡು ಕಣ್ಣುಗಳ ನಡುವೆ ಇರುತ್ತದೆ. ಹಿಂಗಾಲಿನ ಉದ್ದಕ್ಕೂ ಬಾಚಣಿಗೆಯಂತೆ ಸಣ್ಣ ಮುಳ್ಳುಗಳ ಸಾಲು ಇದೆ, ಅಲುಗಾಡುವ ದೊಡ್ಡ ಮುಳ್ಳು ಇಲ್ಲ.

ಬಿಳಿ ಬೆನ್ನಿನ ಜಿಗಿಹುಳು: ಕಂದು ಜಿಗಿಹುಳುವಿನ ಹತ್ತಿರದ ನೆಂಟ. ಅಲುಗಾಡುವ ಮುಳ್ಳು ಇದಕ್ಕೂ ಇದೆ, ಬುಡದಲ್ಲೇ ಕೂರುತ್ತದೆ. ಆದರೆ ಎದೆಯ ಮೇಲ್ಭಾಗದ ನಡುವೆ ಬಿಳಿ ಪಟ್ಟೆ ಎದ್ದು ಕಾಣುತ್ತದೆ.

ಕಂದು ಜಿಗಿಹುಳು: ಮೈಯೆಲ್ಲ ತಿಳಿಗಂದಿನಿಂದ ಕಡುಗಂದು. ಬೆನ್ನಿನ ಮೇಲೆ ಬಿಳಿ ಪಟ್ಟೆ ಇಲ್ಲ. ರೆಕ್ಕೆ ಪಾರದರ್ಶಕ.

ಪೈರು ಹಳದಿಯಾದರೆ ಅದು ಗೊಬ್ಬರದ ಕೊರತೆಯೋ ಹುಳವೋ? ಸಾರಜನಕ ಕಡಿಮೆಯಾದರೆ ಸಾಮಾನ್ಯವಾಗಿ ಗದ್ದೆಯಲ್ಲಿ ಹರಡಿಕೊಂಡು, ಹಳೆಯ ಎಲೆಗಳು ಮೊದಲು ಬಿಳಚಿಕೊಳ್ಳುತ್ತವೆ. ಹುಳ ಬಿದ್ದರೆ ಅಲ್ಲಲ್ಲಿ ದುಂಡಗೆ ಒಣಗುತ್ತದೆ, ಬುಡ ಬಿಡಿಸಿದರೆ ಹುಳ ಕಾಣುತ್ತದೆ, ಕೈಗೆ ಅಂಟುತ್ತದೆ. ನಮ್ಮ ಹುಡುಗನ ಮನೆಯವರು ಬಗ್ಗಿ ಒಂದು ಬುಡ ಬಿಡಿಸಿ ನೋಡಿದ್ದರೆ ಯೂರಿಯಾ ಚೀಲದ ದುಡ್ಡು ಉಳಿಯುತ್ತಿತ್ತು.

ಔಷಧಿ ಹೊಡೆದರೂ ಹೆಚ್ಚುವುದು ಯಾಕೆ?

20,000ದ ಲೆಕ್ಕ ನಿಜವಾಗದಂತೆ ತಡೆಯುವವರು ಗದ್ದೆಯಲ್ಲೇ ಇದ್ದಾರೆ. ಬೆನ್ನಿನ ಮೇಲೆ ಕವಲಿನಂತಹ ಗುರುತಿರುವ ತೋಳ ಜೇಡ ಬಲೆ ನೇಯದೆ ಓಡಾಡಿಯೇ ಜಿಗಿಹುಳುಗಳನ್ನು ಹಿಡಿದು ತಿನ್ನುತ್ತದೆ. ತಾಯಿ ಜೇಡ ಮೊಟ್ಟೆಯ ಚೀಲವನ್ನು ಹಿಂದೆ ಕಟ್ಟಿಕೊಂಡು, ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ತಿರುಗುವುದನ್ನು ನೀವು ನೋಡಿರಬಹುದು. ಹಸಿರು ಮೈ, ಕಪ್ಪು ಗುರುತಿನ ಮಿರಿಡ್ ತಿಗಣೆ ಎಲೆಯೊಳಗಿನ ಮೊಟ್ಟೆಗೇ ಬಾಯಿ ಚುಚ್ಚಿ ಹೀರುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳು ಆ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುತ್ತವೆ.

ಮೇಲಿನಿಂದ ಔಷಧಿ ಹೊಡೆದಾಗ ಏನಾಗುತ್ತದೆ? ದಟ್ಟ ಎಲೆ ದಾಟಿ ಔಷಧಿ ಬುಡಕ್ಕೆ ಸರಿಯಾಗಿ ಇಳಿಯುವುದಿಲ್ಲ. ಕವಚದೊಳಗಿನ ಮೊಟ್ಟೆಗೆ ಏನೂ ಆಗುವುದಿಲ್ಲ. ಮೇಲೆ ಕೆಳಗೆ ಓಡಾಡುವ ಜೇಡ, ತಿಗಣೆಗಳು ಸಾಯುತ್ತವೆ. ವಾರ ಕಳೆದು ಮೊಟ್ಟೆ ಒಡೆದಾಗ ತಿನ್ನುವವರೇ ಇರುವುದಿಲ್ಲ. ಸಾಲದ್ದಕ್ಕೆ ಪೈರೆಥ್ರಾಯ್ಡ್ ಜಾತಿಯಂತಹ ಕೆಲವು ಔಷಧಿಗಳು ಉಳಿದ ಹೆಣ್ಣು ಹುಳ ಹೆಚ್ಚು ಮೊಟ್ಟೆ ಇಡುವಂತೆ ಮಾಡುತ್ತವೆ. ಹೀಗೆ ಹೊಡೆದ ಮೇಲೆ ಹುಳ ಮೊದಲಿಗಿಂತ ಹೆಚ್ಚಾಗಿ ಮರಳುವುದಕ್ಕೆ ಪುನರುತ್ಥಾನ ಅನ್ನುತ್ತಾರೆ.

ಇದನ್ನು ಒಂದು ದೇಶವೇ ಅನುಭವಿಸಿ ಕಲಿತಿದೆ. ಇಂಡೋನೇಷ್ಯಾದಲ್ಲಿ ಔಷಧಿ ಹೊಡೆದಷ್ಟೂ ಈ ಹುಳ ಹೆಚ್ಚಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತದ ಗದ್ದೆಯಲ್ಲಿ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿ, ಗದ್ದೆಯನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದನ್ನು ರೈತರಿಗೆ ಕಲಿಸಲು ಹೊರಟಿತು.

ತಳಿಯ ಬಲವೂ ಒಂದೇ ಸಾಲದು. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 26 ಎಂಬ ತಳಿ 1973ರಲ್ಲಿ ಈ ಹುಳವನ್ನು ತಡೆಯುವ ಗುಣದೊಂದಿಗೆ ಬಂತು. ಕೆಲವೇ ವರ್ಷದಲ್ಲಿ ಅದನ್ನೂ ತಿನ್ನಬಲ್ಲ ಹುಳಗಳು ಹುಟ್ಟಿಕೊಂಡವು. ವಿಕಾಸ ಅನ್ನುವುದು ಲಕ್ಷಾಂತರ ವರ್ಷದ ಮಾತು ಮಾತ್ರ ಅಂತ ತಿಳಿಯಬೇಡಿ!

ಹಾಗಾದರೆ ಮಾಡುವುದೇನು?

ನಾಟಿಯನ್ನು ತೀರಾ ಒತ್ತಾಗಿ ಮಾಡಬಾರದು. ಸುಮಾರು ಎಂಟು ಅಡಿಗೊಮ್ಮೆ ಒಂದು ಅಡಿ ಜಾಗ ಬಿಟ್ಟರೆ ಬುಡಕ್ಕೆ ಗಾಳಿ ಬೆಳಕು ಬರುತ್ತದೆ. ಯೂರಿಯಾವನ್ನು ಒಂದೇ ಸಲ ಸುರಿಯದೆ, ಹೇಳಿದ ಪ್ರಮಾಣದಲ್ಲಿ ಕಂತು ಕಂತಾಗಿ ಹಾಕಬೇಕು. ಹುಳ ಕಂಡರೆ ಮೂರು ನಾಲ್ಕು ದಿನ ನೀರು ಬಸಿದು ಬುಡ ಒಣಗಲು ಬಿಡಬೇಕು.

ಔಷಧಿ ಯಾವಾಗ? ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಲೆಕ್ಕ ಸುಲಭವಾಗಿದೆ. ಜೇಡ ಇಲ್ಲದಿದ್ದರೆ ತೆಂಡೆಗೆ ಒಂದು ಹುಳ ದಾಟಿದಾಗ, ಬುಡಕ್ಕೆ ಒಂದು ಜೇಡ ಇದ್ದರೆ ತೆಂಡೆಗೆ ಎರಡು ಹುಳ ದಾಟಿದಾಗ ಮಾತ್ರ ಔಷಧಿಯ ಮಾತು. ಅಂದರೆ ಒಂದು ಜೇಡ ಇದ್ದರೆ ಎರಡರಷ್ಟು ಹುಳವನ್ನು ಸಹಿಸಬಹುದು! ಯಾವ ಔಷಧಿ ಅನ್ನುವುದನ್ನು ಕೃಷಿ ಅಧಿಕಾರಿಯನ್ನು ಕೇಳಿ ತೀರ್ಮಾನಿಸಬೇಕು, ಅದನ್ನು ಬುಡಕ್ಕೆ ಬೀಳುವಂತೆ ಹೊಡೆಯಬೇಕು.

ಮಾಡಿ ನೋಡಿ

ಮನೆಯವರ ಅಥವಾ ಪರಿಚಯದವರ ಗದ್ದೆಗೆ ಕೇಳಿಕೊಂಡು ಹೋಗಿ. ಹತ್ತಿರದ ದಿನಗಳಲ್ಲಿ ಔಷಧಿ ಹೊಡೆದಿದ್ದರೆ ಇಳಿಯಬೇಡಿ. ಒಂದು ಮೂಲೆಯಿಂದ ಎದುರು ಮೂಲೆಗೆ ನಡೆಯುತ್ತಾ ಹತ್ತು ಕಡೆ ಬುಡ ಬಿಡಿಸಿ ನೋಡಿ. ಪ್ರತಿ ಬುಡದಲ್ಲಿ ತೆಂಡೆ ಎಷ್ಟು, ಕಂದು ಜಿಗಿಹುಳು ಎಷ್ಟು, ಜೇಡ ಎಷ್ಟು ಅಂತ ಬರೆದುಕೊಳ್ಳಿ. ಒಟ್ಟು ಹುಳಗಳನ್ನು ಒಟ್ಟು ತೆಂಡೆಗಳಿಂದ ಭಾಗಿಸಿ, ಮೇಲಿನ ಲೆಕ್ಕದ ಜೊತೆ ಹೋಲಿಸಿ. ಬಂದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯಿರಿ.

ಆ ಹುಡುಗನ ಗದ್ದೆಯಲ್ಲಿ ಸುಟ್ಟ ಜಾಗ ಮತ್ತೆ ಹಸಿರಾಗಲಿಲ್ಲ. ಉಳಿದ ಕಡೆ ನೀರು ಬಸಿದರು, ಅಷ್ಟು ಬೆಳೆ ಕೈಗೆ ಬಂತು. ಈ ವರ್ಷ ನಾಟಿಯ ದಿನ ಅವರಪ್ಪನೇ ಹಗ್ಗ ಹಿಡಿದು ಸಾಲಿನ ನಡುವೆ ಜಾಗ ಬಿಡಿಸಿದರಂತೆ. ಹುಡುಗ ಪ್ರತಿ ಭಾನುವಾರ ಹತ್ತು ಬುಡ ಎಣಿಸಿ, ಸೋಮವಾರ ನನಗೆ ಪುಸ್ತಕ ತೋರಿಸುತ್ತಾನೆ. ಹೋದ ವಾರದ ಸಾಲಿನಲ್ಲಿ ಹೀಗೆ ಬರೆದಿದ್ದ: "ತೆಂಡೆ 142, ಹುಳ 31, ಜೇಡ 9. ಔಷಧಿ ಬೇಡ."